ಲಕ್ಷ ಕೊಟ್ಟು ಕೊಂಡ ಗುಡುಗು

ಕಾರಿನ ಸದ್ದಡಗಿಸಲು ಜರ್ಮನಿಯ ಎಂಜಿನಿಯರುಗಳು ಪಡುವ ಪಾಡು ಅಷ್ಟಿಷ್ಟಲ್ಲ. ಎಂಜಿನ್ನಿನಿಂದ ನುಗ್ಗಿಬರುವ ಬಿಸಿ ಅನಿಲವನ್ನು ತೂತುಗಳಿರುವ ಕೊಳವೆಗಳಲ್ಲಿ ಹಾಯಿಸಿ, ಪುಟ್ಟ ಪುಟ್ಟ ಕೋಣೆಗಳಲ್ಲಿ ಸುತ್ತಾಡಿಸಿ, ಒಂದು ಅಲೆಯನ್ನು ಇನ್ನೊಂದಕ್ಕೆ ಡಿಕ್ಕಿ ಹೊಡೆಸಿ, ಗುಡುಗಾಗಿ ಹೊರಟದ್ದು ಗುನುಗಾಗಿ ಹೊರಬೀಳುವಂತೆ ಮಾಡುತ್ತಾರೆ. ಅದರ ಖರ್ಚನ್ನೂ ಸೇರಿಸಿಯೇ ಕಾರಿಗೆ ಬೆಲೆ ಕಟ್ಟುತ್ತಾರೆ. ಆ ಸೈಲೆನ್ಸರನ್ನು ಬಿಚ್ಚಿಹಾಕಿ ಗುಡುಗುವ ಪೈಪು ಕೂರಿಸಲು ಬೆಂಗಳೂರಿನಲ್ಲಿ ಬೇಕಾಗುವುದು ಒಂದು ಭಾನುವಾರ, ಎರಡು ಜಾಕ್, ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಮತ್ತು ಮೊಬೈಲಿನೊಳಗೆ ಒಬ್ಬ ಅಮೆರಿಕದ ಗುರು. ಗುರುವಿನ ಗ್ಯಾರೇಜೇ ನಮ್ಮ ಮೂವತ್ತು-ನಲವತ್ತು ಸೈಟಿನಷ್ಟಿರುತ್ತದೆ. ಶಿಷ್ಯನಿಗೆ ದಕ್ಕಿರುವುದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವಿನ ಜಾಗ.

ಇದನ್ನು ಮನೆಯಲ್ಲೇ ಏಕೆ ಮಾಡಬೇಕು? ಕಂಪನಿಯ ಸರ್ವಿಸ್ ಸೆಂಟರಿನವರು ಮುಟ್ಟುವುದಿಲ್ಲ, ವಾರಂಟಿಯ ಮಾತೆತ್ತುತ್ತಾರೆ. ಬೀದಿಯ ಮೂಲೆಯ ಮೆಕ್ಯಾನಿಕ್ ಮುಟ್ಟಿಯಾನು, ಆದರೆ ಅದಕ್ಕೆ ಮೊದಲು, "ಸಾರ್, ಇರುವುದು ಚೆನ್ನಾಗಿಯೇ ಇದೆಯಲ್ಲ, ಯಾಕೆ ಬಿಚ್ಚುತ್ತೀರಿ?" ಎಂದು ಕೇಳುತ್ತಾನೆ. ಎಂಬತ್ತು ಲಕ್ಷದ ಕಾರಿನ ಒಡೆಯರು ಉತ್ತರ ಹೊಳೆಯದೆ ನಿಲ್ಲುವುದು ಆ ಒಂದು ಪ್ರಶ್ನೆಯ ಮುಂದೆ ಮಾತ್ರ.

ಆದ್ದರಿಂದ ಒಡೆಯರು ರಟ್ಟು ಹಾಸಿ ಕಾರಿನಡಿಗೆ ಸರಿಯುತ್ತಾರೆ. ತುಕ್ಕು ಹಿಡಿದ ಬೋಲ್ಟಿಗೆ ಅದನ್ನು ಸಡಿಲಿಸುವ ಡಬ್ಲ್ಯುಡಿ-40 ಎಣ್ಣೆ ಸಿಂಪಡಿಸಿ ಸ್ವಲ್ಪ ಹೊತ್ತು ಕಾಯಬೇಕು. ಕಾಯುವ ಗುಣವಿರುವವರು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಜಗ್ಗುತ್ತಾರೆ, ಬೋಲ್ಟಿನ ತಲೆ ಮಾತ್ರ ಕೈಗೆ ಬರುತ್ತದೆ. ಸೈಲೆನ್ಸರನ್ನು ನೇತುಹಾಕಿರುವ ರಬ್ಬರ್ ಹ್ಯಾಂಗರುಗಳು ಸೋಪಿನ ನೀರಿಗೆ ಜಾರುತ್ತವೆಯಂತೆ. ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸೋಪು ಬೇಸ್‌ಮೆಂಟಿಗೆ ಇಳಿಯುತ್ತದೆ, ಅದನ್ನು ಹುಡುಕಿಕೊಂಡು ಮನೆಮಂದಿಯೂ ಇಳಿಯುತ್ತಾರೆ. ಕೊನೆಯ ಹ್ಯಾಂಗರ್ ಕಳಚಿದಾಗ ಸೈಲೆನ್ಸರ್ ಎಲ್ಲಿ ಬೀಳುತ್ತದೆ ಎಂಬುದನ್ನು ಗುರು ಸ್ಪಷ್ಟವಾಗಿ ಹೇಳಿದ್ದಾನೆ. ಆದರೆ ಆ ಹೊತ್ತಿಗೆ ಮೊಬೈಲು ಟಾರ್ಚಿನ ರೂಪದಲ್ಲಿ ಶಿಷ್ಯನ ಬಾಯಲ್ಲಿರುತ್ತದೆ.

ಹೊಸ ಪೈಪು ಟೈಟಾನಿಯಮ್ಮಿನದು, ತುದಿಯಲ್ಲಿ ಕಾಸಿದ ನೀಲಿ ಬಣ್ಣ. ಕ್ಲ್ಯಾಂಪುಗಳನ್ನೆಲ್ಲ ಸಡಿಲವಾಗಿಟ್ಟು, ಇಡೀ ಪೈಪು ನೇರವಾಗಿ ಕೂತ ಮೇಲೆ ಒಂದೊಂದಾಗಿ ಬಿಗಿಯಬೇಕು. ಒಡೆಯರು ಮೊದಲನೆಯದನ್ನೇ ಬಲವಾಗಿ ಬಿಗಿದಿರುವುದರಿಂದ, ಹಿಂದಿನ ಎರಡು ತುದಿಗಳಲ್ಲಿ ಒಂದು ಬಂಪರಿನಿಂದಾಚೆ ಇಣುಕುತ್ತಿದೆ, ಇನ್ನೊಂದು ಒಳಗೇ ನಾಚಿ ನಿಂತಿದೆ. ಇರಲಿ, ಸ್ಟಾರ್ಟ್ ಮಾಡುತ್ತಾರೆ. ಪೈಪಿನೊಳಗೆ ಉಳಿದಿದ್ದ ಎಣ್ಣೆಯ ಪಸೆ ಕಾದು ಹೊಗೆಯಾಗಿ ಏಳುತ್ತದೆ. ಬೇಸ್‌ಮೆಂಟಿನ ಬೆಂಕಿ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆ. ಅದು ಯಾರಿಗೂ ಕೇಳಿಸುವುದಿಲ್ಲ.

ಇದರಿಂದ ಆದ ಲಾಭವನ್ನೂ ಹೇಳಬೇಕು, ಇಲ್ಲವಾದರೆ ಅನ್ಯಾಯವಾದೀತು. ಹಿಂದಿನ ಪೈಪನ್ನಷ್ಟೇ ಬದಲಿಸಿದರೆ ಎಂಜಿನ್ನಿನ ಶಕ್ತಿ ಬೆರಳೆಣಿಕೆಯಷ್ಟು ಅಶ್ವಶಕ್ತಿ ಹೆಚ್ಚಬಹುದು. ಆ ಹೆಚ್ಚುವರಿ ಕುದುರೆಗಳನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನೀರಿನ ಟ್ಯಾಂಕರಿನ ಹಿಂದೆ ನಿಲ್ಲಿಸಿಕೊಳ್ಳಬಹುದು. ಕಾರಿನ ತೂಕವೂ ಕೆಲವು ಕಿಲೋ ಇಳಿಯುತ್ತದೆ. ನೆಲಕ್ಕೂ ಕಾರಿಗೂ ನಡುವಿನ ಅಂತರವೂ ಇಳಿಯುವುದರಿಂದ ಪ್ರತಿ ಹಂಪಿನಲ್ಲೂ ಟೈಟಾನಿಯಮ್ ನೆಲ ಸವರುತ್ತದೆ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಬಣ್ಣವಿಲ್ಲದ ಹಂಪುಗಳು ಯಾವ ಸ್ಪ್ಯಾನರೂ ಇಲ್ಲದೆ ಪುಕ್ಕಟೆಯಾಗಿ ಎಕ್ಸಾಸ್ಟ್, ಅಂದರೆ ಹೊಗೆಕೊಳವೆ, ಬಿಚ್ಚಿಕೊಡುತ್ತವೆ.

ಇಷ್ಟಕ್ಕೆ ತೃಪ್ತರಾಗದವರು ಮುಂದಕ್ಕೆ ಕೈ ಚಾಚಿ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತೆಸೆಯುತ್ತಾರೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿದ ಆ ಡಬ್ಬಿ ವಿಷಾನಿಲವನ್ನು ಕಡಿಮೆ ವಿಷದ ಅನಿಲವಾಗಿಸುತ್ತದೆ, ಅಂದರೆ ಊರಿನವರಿಗೆ ಉಪಯೋಗ. ಒಡೆಯರಿಗೇನು ಬಂತು? ಕಿತ್ತ ಮರುದಿನ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ. ಅದನ್ನು ಆರಿಸುವುದಕ್ಕೂ ಸಾಫ್ಟ್‌ವೇರ್ ಸಿಗುತ್ತದೆ. ಕಿತ್ತಿರದಿದ್ದರೆ ಕಷ್ಟವಿಲ್ಲವೇ ಎಂದರೆ, ಅದಕ್ಕೂ ಬೇರೆ ಬಗೆಯ ಕಷ್ಟವಿದೆ. ಆ ಡಬ್ಬಿ ಸುಮಾರು 300 ಡಿಗ್ರಿ ಕಾದ ಮೇಲೆಯೇ ಕೆಲಸಕ್ಕೆ ಇಳಿಯುವುದರಿಂದ, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಜೋರಾಗಿ ತಿರುಗಿ ಅದನ್ನು ಕಾಯಿಸುತ್ತದೆ. ಹೀಗಾಗಿ ಒಡೆಯರು ಬೆಳಿಗ್ಗೆ ಆರಕ್ಕೆ ಜಿಮ್ಮಿಗೆ ಹೊರಟರೆ ಇಡೀ ಬ್ಲಾಕಿನ ಹಸುಗೂಸುಗಳು ಒಟ್ಟಿಗೆ ಏಳುತ್ತವೆ.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೆರೆ ಎಳೆದಿವೆ. ತಯಾರಕರು ಕೊಟ್ಟ ಮೂಲ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೀಗೆ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಬದಲಾವಣೆಯೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಕೆಲವು ಲಕ್ಷದ ಪೈಪು ಹಾಕಿಸಿಕೊಂಡವರಿಗೆ 5,000 ಎಂದರೆ ಸಾಗಣೆ ವೆಚ್ಚ. ವಾಯುಮಾಲಿನ್ಯ ತಪಾಸಣೆಯ ಡಬ್ಬಿ ಅಂಗಡಿಗೆ ಹೋದರೆ, ಅಲ್ಲಿಯ ಹುಡುಗ ಗುಡುಗುವ ಕೊಳವೆಯೊಳಗೆ ನಳಿಕೆ ತೂರಿಸಿ, ಕಿವಿ ಮುಚ್ಚಿಕೊಂಡು, ಹೊಗೆಯಲ್ಲಿ ಏನಿದೆ ಎಂದಷ್ಟೇ ನೋಡಿ ಪ್ರಮಾಣಪತ್ರ ಕೊಡುತ್ತಾನೆ. ಕೆಲವು ಕಾರುಗಳ ನಂಬರ್ ಪ್ಲೇಟು ಪುದುಚೇರಿಯದು. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಶೇ 18ರಷ್ಟು ಜೀವಿತಾವಧಿ ತೆರಿಗೆ ಇದೆಯಲ್ಲ, ಅದಕ್ಕೆ. ತೆರಿಗೆ ಪುದುಚೇರಿಗೆ, ಸದ್ದು ಪೂರ್ತಿ ಕರ್ನಾಟಕಕ್ಕೆ.

ಪೊಲೀಸರೂ ಸುಮ್ಮನಿಲ್ಲ. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ, ಕ್ಯಾಮೆರಾದವರನ್ನು ಕರೆಸಿ, ರೋಡ್ ರೋಲರ್ ಹತ್ತಿಸುತ್ತಾರೆ. ಹಾಗೆ ಚಪ್ಪಟೆಯಾಗುವ ಕೊಳವೆಗಳ ಗಾತ್ರ ನೋಡಿ, ಎಲ್ಲವೂ ಬೈಕಿನವು, ಕಂತಿನಲ್ಲಿ ಕೊಂಡ ಹುಡುಗರವು. ಟೈಟಾನಿಯಮ್ಮಿನ ಮೇಲೆ ರೋಲರ್ ಹತ್ತಿದ ಚಿತ್ರ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಅದಕ್ಕೆ ಕಾರಣವೂ ತಾಂತ್ರಿಕವೇ ಇರಬೇಕು. ದುಬಾರಿ ಎಕ್ಸಾಸ್ಟಿನಲ್ಲಿ ಸದ್ದು ಏರಿಸಿ ಇಳಿಸುವ ಕವಾಟವಿರುತ್ತದೆ, ಕೈಯಲ್ಲಿ ರಿಮೋಟ್ ಇರುತ್ತದೆ. ಬ್ಯಾರಿಕೇಡ್ ಕಂಡರೆ ಒಂದು ಗುಂಡಿ ಒತ್ತಿದರೆ ಸಾಕು, ಕಾರು ಮದುವೆ ಮನೆಗೆ ಬಂದ ಹೊಸ ಅಳಿಯನಂತೆ ಮೆಲ್ಲಗೆ ಸಾಗುತ್ತದೆ. ಮುಂದಿನ ತಿರುವಿನಲ್ಲಿ ಮತ್ತೊಮ್ಮೆ ಗುಂಡಿ.

ಹೊರಗಿನ ದೇಶಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಅಮೆರಿಕದ ಡಾಡ್ಜ್ ಕಂಪನಿ ಹೊಗೆಯೇ ಉಗುಳದ ತನ್ನ ವಿದ್ಯುತ್ ಕಾರು ಚಾರ್ಜರ್ ಡೇಟೋನಾಕ್ಕೆ ಎಕ್ಸಾಸ್ಟ್ ಕೂರಿಸಿ, ಸದ್ದು 126 ಡೆಸಿಬೆಲ್ ಎಂದು 2022ರಲ್ಲಿ ಸಾರಿತು. 2025ರಲ್ಲಿ ಅಂಥ ಸಾವಿರಾರು ಕಾರುಗಳನ್ನು ದುರಸ್ತಿಗೆ ವಾಪಸು ಕರೆಸಬೇಕಾಯಿತು. ಪಾದಚಾರಿಗಳಿಗೆ ಎಚ್ಚರಿಕೆಯಾಗುವಷ್ಟು ಕನಿಷ್ಠ ಸದ್ದೂ ಅವುಗಳಿಂದ ಬರುತ್ತಿರಲಿಲ್ಲ. ಬಿಎಂಡಬ್ಲ್ಯುವಿನ ಕೆಲವು ಮಾದರಿಗಳು ಎಂಜಿನ್ನಿನ ಅಬ್ಬರವನ್ನು ಒಳಗಿನ ಸ್ಪೀಕರಿನಿಂದಲೇ ಕೇಳಿಸುತ್ತವೆ. ನನಗೆ ಬಹಳ ಹಿಡಿಸಿದ ಏರ್ಪಾಡು ಇದು. ಆದರೆ ಒಡೆಯರು ಒಪ್ಪುವುದಿಲ್ಲ. ತಮಗೊಬ್ಬರಿಗೇ ಕೇಳಿಸಿದರೆ ಹಣ ಕೊಟ್ಟದ್ದು ಏತಕ್ಕೆ?

ಇನ್ನು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ. ಶಬ್ದದ ವಿಷಯದಲ್ಲಿ ಇಂಥ ಕಟ್ಟುನಿಟ್ಟಿನ ಸಂಸ್ಥೆ ಇನ್ನೊಂದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಕ್ಕಳು ಚೆಂಡು ಪುಟಿಸಬಾರದು. ಗೋಡೆಗೆ ಮೊಳೆ ಹೊಡೆಯಲು ಲಿಖಿತ ಅನುಮತಿ ಬೇಕು. ಮನೆಗೆಲಸದವರು ಲಿಫ್ಟಿನಲ್ಲಿ ಗಟ್ಟಿಯಾಗಿ ಮಾತನಾಡಬಾರದು. ರಾತ್ರಿ ಪಾಳಿಯ ಕಾವಲುಗಾರರ ಹಳೆಯ ಮೊಪೆಡ್ಡಿನ ಸೈಲೆನ್ಸರ್ ತೂತಾಗಿ ಪಟಪಟ ಎನ್ನುತ್ತದೆಂದು ದೂರು ಬಂದದ್ದರಿಂದ, ಅವರು ಅದನ್ನು ಮುಖ್ಯರಸ್ತೆಯಲ್ಲೇ ಆರಿಸಿ ಗೇಟಿನವರೆಗೆ ತಳ್ಳಿಕೊಂಡು ಬರುತ್ತಾರೆ. ಬಂದವರೇ ಗೇಟು ತೆರೆದು, ಗುಡುಗುತ್ತ ಹೊರಡುವ ಕಾರಿಗೆ ಸಲಾಮು ಹೊಡೆಯುತ್ತಾರೆ. ಕಾರಿನ ಬಗ್ಗೆಯೂ ಸಂಘದ ಸಭೆಯಲ್ಲಿ ಮಾತು ಬಂದಿತ್ತು. ಕಾರ್ಯದರ್ಶಿಗಳು ಒಡೆಯರನ್ನು ಕಂಡು, ಯಾವ ಕಂಪನಿಯ ಪೈಪು, ತಮ್ಮ ಮಗನ ಕಾರಿಗೂ ಕೂರುತ್ತದೆಯೇ ಎಂದು ವಿಚಾರಿಸಿಕೊಂಡು ಬಂದರು.

ಬಿಚ್ಚಿದ ಅಸಲಿ ಸೈಲೆನ್ಸರ್ ಎಲ್ಲಿಗೆ ಹೋಯಿತು ಎಂದಿರಾ? ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮಂಚದಡಿ ಇಟ್ಟಿದ್ದಾರೆ. ಎರಡು ವರ್ಷ ಕಳೆದು ಮನಸ್ಸು ಇನ್ನೊಂದು ಕಾರಿನ ಮೇಲೆ ಹೋದಾಗ ಅದೇ ಬೇಸ್‌ಮೆಂಟಿನಲ್ಲಿ, ಅದೇ ಜಾತಿಯ ರಟ್ಟಿನ ಮೇಲೆ ಮಲಗಿ ಅದನ್ನು ಮರಳಿ ಕೂರಿಸುತ್ತಾರೆ. ನಂತರ ಜಾಹೀರಾತು: "ಮಾರಾಟಕ್ಕಿದೆ. ಒಬ್ಬರೇ ಮಾಲೀಕರು. ಕಾರ್ಖಾನೆಯಿಂದ ಬಂದಂತೆಯೇ ಇದೆ, ಯಾವ ಬದಲಾವಣೆಯನ್ನೂ ಮಾಡಿಲ್ಲ. ಸದ್ದೇ ಇಲ್ಲದ ಎಂಜಿನ್."