ಅವಸರ ತಪ್ಪು ಪದವಲ್ಲ

"ಅವಸರ ಅಂದ್ರೆ ಅವಕಾಶ. ಕನ್ನಡದವರು ಅದನ್ನ ತಪ್ಪಾಗಿ ಬಳಸ್ತೀರಿ" ಅಂತ ಪರಿಚಯದವರೊಬ್ಬರು ಮೊನ್ನೆ ಹೇಳಿದರು. ಸಂಸ್ಕೃತದಲ್ಲಿ, ಹಿಂದಿಯಲ್ಲಿ ಅದಕ್ಕೆ ಆ ಅರ್ಥ ಇದೆ, ನಿಜ. ಆದರೆ ಆ 'ತಪ್ಪಾಗಿ' ಅನ್ನುವ ಮಾತು ನನಗೆ ಹಿಡಿಸಲಿಲ್ಲ.

ಇದೇ ಪದ ಮಲಯಾಳದಲ್ಲೂ ಅವಕಾಶವೇ. ತೆಲುಗಿಗೆ ಹೋದರೆ ಅಗತ್ಯ. ತಮಿಳು, ಕನ್ನಡದಲ್ಲಿ ಗಡಿಬಿಡಿ. ಒದಗಿ ಬಂದ ಹೊತ್ತು ಕೈತಪ್ಪಬಾರದು ಅಂದರೆ ಬೇಗ ಬೇಗ ಮಾಡಬೇಕಲ್ವಾ? ಅರ್ಥ ಈ ದಾರಿಯಲ್ಲೇ ಜಾರಿರಬೇಕು ಅಂತ ನನಗೆ ಅನ್ನಿಸುತ್ತದೆ. ಎಷ್ಟೋ ತಲೆಮಾರು "ಅವಸರ ಮಾಡಬೇಡ" ಅಂತಲೇ ಮಕ್ಕಳನ್ನು ಬೆಳೆಸಿವೆ. ಅವರೆಲ್ಲ ತಪ್ಪು ಅನ್ನೋಕಾಗುತ್ತಾ?

ಅರ್ಥ ಹಾಗಿರಲಿ, ಪದದ ರೂಪ ನೋಡಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಬಸ್ಸು'. ಲ್ಯಾಟಿನ್ನಿನಲ್ಲಿ 'ಓಮ್ನಿಬಸ್' ಅಂದರೆ 'ಎಲ್ಲರಿಗೆ'. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗೆ ಆ ಹೆಸರು ಬಂತು. ಇಂಗ್ಲಿಷಿಗೆ ಹೋದಮೇಲೆ ತಲೆ ಉದುರಿ ಬಾಲ ಮಾತ್ರ ಉಳಿಯಿತು. ಆ ಬಾಲ ಪೂರ್ತಿ ಪದವೂ ಅಲ್ಲ, ಬರೀ ವಿಭಕ್ತಿ ಪ್ರತ್ಯಯ. ನಮ್ಮ 'ಎಲ್ಲರಿಗೆ'ಯಲ್ಲಿ 'ಎಲ್ಲ' ಬಿದ್ದುಹೋಗಿ, 'ರಿಗೆ' ಅನ್ನುವುದೇ ಗಾಡಿಯ ಹೆಸರಾದ ಹಾಗೆ! ಕನ್ನಡಕ್ಕೆ ಕೊನೆಯಲ್ಲಿ ಸ್ವರ ಬೇಕು. ಹಾಗಾಗಿ ಸಕಾರಕ್ಕೆ ಒತ್ತು ಕೊಟ್ಟು, ಒಂದು ಉಕಾರ ಸೇರಿಸಿ 'ಬಸ್ಸು' ಮಾಡಿಕೊಂಡಿತು. ಈಗ "ಬಸ್ಸಿಗೆ ಕಾಯ್ತಿದ್ದೀನಿ" ಅಂದಾಗಲೆಲ್ಲ ಲ್ಯಾಟಿನ್ನಿನ ಚತುರ್ಥಿಯ ಬೆನ್ನ ಮೇಲೆ ಕನ್ನಡದ ಚತುರ್ಥಿ ಕೂತಿರುತ್ತದೆ. ಇದು ಹೊಳೆದ ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ. 'ಬಸ್ಸು' ಅಶುದ್ಧ, 'ಬಸ್' ಸರಿ ಅಂತ ಯಾರಾದರೂ ಅಂದರೆ ಈಗಲೂ ವಾದಕ್ಕೆ ನಿಲ್ಲುತ್ತೇನೆ. ಅರ್ಧ ಕಳಚಿಕೊಂಡೇ ಬಂದ ಪದಕ್ಕೆ ಯಾವ ಮನೆಯ ಶುದ್ಧಿ?

ತಮಾಷೆ ಕೂಡ ಹೀಗೇ ದೂರ ನಡೆದು ಬಂದದ್ದು. ಅರಬ್ಬಿಯಲ್ಲಿ ಅದರ ಮೂಲ 'ಜೊತೆಯಾಗಿ ನಡೆಯುವುದು'. ಪಾರ್ಸಿಯಲ್ಲಿ ನೋಡುವುದು, ನೋಟ ಅಂತಾಯಿತು. ಮರಾಠಿಯಲ್ಲಿ ಕುಣಿತ, ಹಾಡಿನ ಆಟದ ಹೆಸರು. ನಮ್ಮಲ್ಲಿ ನಗೆಮಾತು. "ಸುಮ್ನೆ ತಮಾಷೆಗೆ ಹೇಳ್ದೆ" ಅನ್ನುವಾಗ ನಡಿಗೆಯ ನೆನಪು ಯಾರಿಗಿದೆ? ಇರಬೇಕಾಗಿಯೂ ಇಲ್ಲ.

ಇನ್ನು ಶಿಕ್ಷೆ. ಹಿಂದಿಯಲ್ಲಿ ಅದು ಓದು, ನಮ್ಮಲ್ಲಿ ದಂಡನೆ. ಆದರೆ ಅದೇ ಬೇರಿನ ಶಿಕ್ಷಣ, ಶಿಕ್ಷಕ ಇವೆರಡೂ ಕನ್ನಡದಲ್ಲಿ ಓದಿನ ಕಡೆಯೇ ಉಳಿದಿವೆ.

ಹಾಗಾದರೆ ತಪ್ಪು ಅನ್ನುವುದೇ ಇಲ್ಲವಾ? ಇದೆ. ಹಿಂದಿಯಿಂದ ಪದಕ್ಕೆ ಪದ ಇಳಿಸಿ, ಕನ್ನಡದಲ್ಲಿ 'ಉದ್ಯೋಗದ ಅವಸರಗಳು' ಅಂತ ಬರೆದರೆ ಅದು ತಪ್ಪು. ಕೆಲಸ ಹುಡುಕುತ್ತಿರುವವರು ಅದನ್ನು ಓದಿ ಏನಂತ ತಿಳಿಯಬೇಕು? ಅಲ್ಲಿ 'ಅವಕಾಶ' ಅಂತಲೇ ಬರೆಯಬೇಕು.

ಆ ಅವಕಾಶವೂ ಅಷ್ಟೇ. ಹಿಂದಿಯಲ್ಲಿ ಅದು ರಜೆ. ಮಲಯಾಳದಲ್ಲಿ ಹಕ್ಕು.