ಹುಳ ತಿಂದ ಕರಿಬೇವು

"ಗಿಡವೆಲ್ಲಾ ಹುಳ ತಿಂದು ಹಾಕಿದೆಯಲ್ರೀ, ಔಷಧಿ ಹೊಡೀಬಾರ್ದಾ?" ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳಿದರು. ಹುಳ ತಿನ್ನಲಿ ಅಂತಲೇ ಬಿಟ್ಟಿದ್ದೀನಿ ಅಂದೆ. ಅವರು ನನ್ನನ್ನು ನೋಡಿದ ರೀತಿ ಇದೆಯಲ್ಲ!

ಮೈಸೂರಿನಲ್ಲಿ ನಮ್ಮದು 30-40 ಸೈಟು. ಹಿತ್ತಲಲ್ಲಿ ಉಳಿದಿರುವುದು ಒಂದು ಪಟ್ಟಿ ಮಣ್ಣು ಅಷ್ಟೇ. ಮೇಸ್ತ್ರಿ ಅದಕ್ಕೂ ಟೈಲ್ಸ್ ಹಾಕಿಬಿಡೋಣ ಅಂದಿದ್ದರು. ಸದ್ಯ, ದುಡ್ಡು ಮುಗಿದಿತ್ತು.

ಚಿಟ್ಟೆ ಬರಲಿ ಅಂತ ಎಲ್ಲರೂ ನರ್ಸರಿಯಿಂದ ಹೂವಿನ ಗಿಡ ತರುತ್ತಾರೆ. ಹೂವು ಚಿಟ್ಟೆಗೆ ಹೋಟೆಲ್ ಇದ್ದಂತೆ, ಕುಡಿದು ಹೋಗುತ್ತದೆ. ಬಾಣಂತನಕ್ಕೆ ತವರುಮನೆಯೇ ಬೇಕು ಅಲ್ವಾ? ನಿಂಬೆ ಚಿಟ್ಟೆಗೆ ನಿಂಬೆ, ಕರಿಬೇವಿನ ಗಿಡಗಳೇ ತವರು. ಚಿಗುರೆಲೆಗೆ ಸಾಸಿವೆ ಗಾತ್ರದ ಮೊಟ್ಟೆ ಅಂಟಿಸುತ್ತದೆ. ಮರಿ ಹುಳ ಥೇಟ್ ಹಕ್ಕಿ ಹಿಕ್ಕೆ! ಬಲಿತರೆ ಎಲೆಯದ್ದೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಗೆ ಹಾಕಿ ವಾಸನೆ ಬಿಡುತ್ತದೆ. ಮೈಮೇಲೆ ರೋಮವಿಲ್ಲ, ತುರಿಕೆಯೂ ಇಲ್ಲ. ಆದರೂ ಕಂಬಳಿಹುಳ ಅಂತ ಹೊಸಕಿ ಹಾಕಿ, ಆಮೇಲೆ "ಈಗ ಚಿಟ್ಟೆಗಳೇ ಕಾಣಲ್ಲ" ಅನ್ನುತ್ತೇವೆ.

ಒಣಗಿದ ಎಲೆ ಸುಡುವುದನ್ನೂ ಬಿಟ್ಟೆ. ಮೂಲೆಯಲ್ಲಿ ರಾಶಿ ಹಾಕಿದ್ದೇನೆ. ಬೆಳಿಗ್ಗೆ ಮಡಿವಾಳ ಹಕ್ಕಿ ಬಂದು ಹುಳ ಹುಡುಕುತ್ತದೆ. ಹಾವುರಾಣಿಯೊಂದು ಅಲ್ಲೇ ಸಂಸಾರ ಹೂಡಿದೆ. ಹಾವು ಬರಲ್ವಾ ಅಂತ ಕೇಳಿದರೆ, ಬರಬಹುದು, ಯಾಕೆ ಸುಳ್ಳು ಹೇಳಲಿ. ಅದಕ್ಕೇ ರಾಶಿ ಬಾಗಿಲಿನಿಂದ ದೂರ ಇದೆ. ಇಲಿ ಸೇರದಂತೆ ಅನ್ನ, ತಿಂಡಿ ಅಲ್ಲಿ ಚೆಲ್ಲುವುದಿಲ್ಲ. ರಾತ್ರಿ ಟಾರ್ಚ್ ಇಲ್ಲದೆ ಹಿತ್ತಲಿಗೆ ಇಳಿಯುವುದಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಸೋಮಾರಿತನ ಕೂಡದು. ಹಕ್ಕಿಗಿಟ್ಟ ಮಣ್ಣಿನ ತಟ್ಟೆಯ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು. ಸುಮ್ನೆ ಚೆಲ್ಲಿದರೆ ಸಾಲದು. ಡೆಂಗಿ ಸೊಳ್ಳೆಯ ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿರುತ್ತದೆ, ಒಣಗಿದರೂ ಸಾಯುವುದಿಲ್ಲ. ತೆಂಗಿನ ನಾರಿನಿಂದ ಉಜ್ಜಬೇಕು.

ತಾನಾಗಿ ಹುಟ್ಟಿದ ಎಕ್ಕದ ಗಿಡವನ್ನೂ ಕೀಳಲಿಲ್ಲ. ಅದರ ಎಲೆ ತಿನ್ನುವ ಹುಳ ಅದರ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಹಕ್ಕಿಗಳು ಹತ್ತಿರ ಸುಳಿಯುವುದು ಕಮ್ಮಿ. ಮನೆ ಮುಂದೆ ಎಕ್ಕ ಯಾಕೆ ಅಂದವರಿಗೆ ಅಮ್ಮನೇ ಉತ್ತರ ಕೊಟ್ಟರು, "ರಥಸಪ್ತಮಿಗೆ ಎಲೆ ಬೇಕಲ್ಲ!"

ಅಮ್ಮನಿಗೂ ಮೊದಲು ಕೋಪವಿತ್ತು. ಒಗ್ಗರಣೆ ಕಾದಿದೆ, ಗಿಡದಲ್ಲಿ ಬರೀ ಕಡ್ಡಿ! ಈಗ ಕರಿಬೇವು ಕೀಳುವ ಮುಂಚೆ ಕನ್ನಡಕ ಹಾಕಿಕೊಂಡು ಪ್ರತಿ ಎಲೆ ತಿರುಗಿಸಿ ನೋಡುತ್ತಾರೆ. ನಿನ್ನೆ ಬರಿಗೈಯಲ್ಲಿ ಒಳಗೆ ಬಂದರು. "ನಾಲ್ಕು ಇವೆ ಕಣೋ. ಹೋಗಿ ಅಂಗಡಿಯಿಂದ ಒಂದು ಕಟ್ಟು ಕರಿಬೇವು ತಗೊಂಡ್ ಬಾ."