ಈ ನಾಟಿ ಮೊಟ್ಟೆ ಇಟ್ಟ ದಿನ ಯಾವುದು?

ನಾನು ನೆಲೆಸಿರುವ ಜರ್ಮನಿಯಲ್ಲಿ ಅಂಗಡಿಯ ಮೊಟ್ಟೆಯ ಹಿನ್ನೆಲೆ ಅದರ ಚಿಪ್ಪಿನ ಮೇಲೆಯೇ ಅಚ್ಚಾಗಿರುತ್ತದೆ. ಮೊದಲ ಅಂಕಿ 0 ಆಗಿದ್ದರೆ ಸಾವಯವ ಸಾಕಣೆ, 1 ಆಗಿದ್ದರೆ ಬಯಲಿನಲ್ಲಿ ಮೇಯಲು ಬಿಟ್ಟ ಕೋಳಿ, 2 ಆಗಿದ್ದರೆ ಕೊಟ್ಟಿಗೆಯೊಳಗೆ ಓಡಾಡುವ ಕೋಳಿ, 3 ಆಗಿದ್ದರೆ ಪಂಜರದ ಕೋಳಿ. ಬಳಕೆಯ ಅವಧಿಯನ್ನು ಮೊಟ್ಟೆ ಇಟ್ಟ ದಿನದಿಂದ ಹೆಚ್ಚೆಂದರೆ 28 ದಿನಗಳಿಗೆ ನಿಗದಿಪಡಿಸುವುದರಿಂದ, ಡಬ್ಬಿಯ ಮೇಲಿನ ದಿನಾಂಕದಿಂದ ಹಿಂದಕ್ಕೆ ಎಣಿಸಿದರೆ ಮೊಟ್ಟೆಯ ವಯಸ್ಸು ಸುಮಾರಾಗಿ ತಿಳಿಯುತ್ತದೆ.

ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ಅಮ್ಮ ಮೊಟ್ಟೆಯನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಕುಲುಕುತ್ತಿದ್ದಳು. ಒಳಗೆ ಅಲುಗಾಡುವ ಸದ್ದು ಕೇಳಿದರೆ ಬದಿಗಿಡುತ್ತಿದ್ದಳು. ಮುಷ್ಟಿಯನ್ನು ಕೊಳವೆಯಂತೆ ಮಾಡಿ, ಮೊಟ್ಟೆಯನ್ನು ಬಿಸಿಲಿಗೆ ಹಿಡಿದು, ದಪ್ಪ ತುದಿಯಲ್ಲಿರುವ ಗಾಳಿಯ ಜಾಗ ಎಷ್ಟು ಹಿಗ್ಗಿದೆ ಎಂದು ನೋಡುತ್ತಿದ್ದಳು. ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರಿನಂಶ ಆರಿದಂತೆ ಈ ಜಾಗ ಬೆಳೆಯುತ್ತದೆ. ಯುರೋಪಿನ ನಿಯಮವೂ ಇದನ್ನೇ ಅಳೆಯುತ್ತದೆ: ‘ಎ’ ದರ್ಜೆಯ, ಅಂದರೆ ಅಂಗಡಿಯಲ್ಲಿ ನೇರವಾಗಿ ಮಾರುವ ಮೊಟ್ಟೆಯಲ್ಲಿ, ಈ ಗಾಳಿಯ ಜಾಗದ ಎತ್ತರ 6 ಮಿಲಿಮೀಟರ್ ಮೀರುವಂತಿಲ್ಲ. ಆ ದರ್ಜೆಯ ಮೊಟ್ಟೆಯನ್ನು ತೊಳೆಯಬಾರದೆಂಬ ನಿಯಮವೂ ಇಲ್ಲಿದೆ, ಏಕೆಂದರೆ ತೊಳೆದರೆ ಚಿಪ್ಪಿನ ರಕ್ಷಣೆಯ ಪೊರೆ ಹಾಳಾಗುತ್ತದೆ. ಅಮ್ಮನೂ ಒಣಬಟ್ಟೆಯಿಂದ ಒರೆಸಿಯೇ ರಾಗಿಯ ಮಡಕೆಯಲ್ಲಿ ಹೂತಿಡುತ್ತಿದ್ದಳು.

ನನಗೆ ಬೇಸರ ತರಿಸುವುದು ಬೆಂಗಳೂರಿನ ಪೇಟೆ. ಅಲ್ಲಿ ಕಂದು ಚಿಪ್ಪು ಕಂಡರೆ ನಾಟಿ ಎಂದು ಹೆಚ್ಚು ಬೆಲೆ ಕೊಡುತ್ತಾರೆ. ಚಿಪ್ಪಿನ ಬಣ್ಣ ಕೋಳಿಯ ತಳಿಗೆ ಸೇರಿದ್ದು. ಜರ್ಮನಿಯಲ್ಲಿ ಸಾವಿರಾರು ಕೋಳಿಗಳ ಫಾರಂಗಳಿಂದಲೂ ಕಂದು ಮೊಟ್ಟೆ ಬರುತ್ತದೆ. ಒಳಗಿನ ಹಳದಿಯ ಗಾಢ ಬಣ್ಣವಾದರೋ ಮೇವಿನಿಂದ ಬರುವಂಥದ್ದು. ಹಸಿರು ಸೊಪ್ಪು, ಮುಸುಕಿನ ಜೋಳ ತಿಂದ ಕೋಳಿಯಲ್ಲಿ ಅದು ತಾನಾಗಿ ಮೂಡುತ್ತದೆ, ಆದರೆ ಚೆಂಡುಹೂವಿನ ಸಾರ ಬೆರೆಸಿದ ಆಹಾರದಿಂದಲೂ ಅದನ್ನು ತರಬಹುದು. ಗುಂಡ್ಲುಪೇಟೆಯ ಕಡೆ ಕಾರ್ಖಾನೆಗಳಿಗೆಂದು ಬೆಳೆಯುವ ಚೆಂಡುಹೂವನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ.

ತಾಜಾತನ ತಿಳಿಯಲು ಪ್ರಯೋಗಾಲಯದಲ್ಲಿ ಮೊಟ್ಟೆಯನ್ನು ತೂಗಿ, ಸಮತಟ್ಟಾದ ಗಾಜಿನ ಮೇಲೆ ಒಡೆದು, ಹಳದಿಯ ಸುತ್ತಲಿನ ಗಟ್ಟಿ ಬಿಳಿ ಭಾಗದ ಎತ್ತರವನ್ನು ಅಳೆಯುತ್ತಾರೆ. 1937ರಲ್ಲಿ ರೇಮಂಡ್ ಹಾ ರೂಪಿಸಿದ ಈ ಲೆಕ್ಕಕ್ಕೆ ‘ಹಾ ಯೂನಿಟ್’ ಎನ್ನುತ್ತಾರೆ. 72 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಅಮೆರಿಕದಲ್ಲಿ ಅತ್ಯುನ್ನತ ದರ್ಜೆ. ಹಳ್ಳಿಯ ನಾಟಿ ಮೊಟ್ಟೆ ಇಂಥ ಪರೀಕ್ಷೆಯಲ್ಲಿ ಸೋತಾಗ ತಪ್ಪನ್ನು ತಳಿಯ ಮೇಲೆ ಹೊರಿಸುವುದು ಸುಲಭ. ಆದರೆ ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂರುವಂಥದ್ದು. ಮಾರುವಷ್ಟು ಮೊಟ್ಟೆ ಕೂಡಿಬರಲು ದಿನಗಳು ಬೇಕು, ಆಮೇಲೆ ಸಂತೆಯ ಬಿಸಿಲು. ಈ ಅವಧಿಯಲ್ಲಿ ಮೊಟ್ಟೆಯೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಬಿಳಿ ಭಾಗದ ಕ್ಷಾರೀಯತೆ ಏರಿ, ಗಟ್ಟಿ ಭಾಗ ನೀರಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಇದು ಬೇಗ ನಡೆಯುತ್ತದೆ.

ಜರ್ಮನಿಯಿಂದ ನಾವು ಎಲ್ಲವನ್ನೂ ತರಬೇಕಾಗಿಲ್ಲ. ಇಲ್ಲಿನ ತೂಕದ ವರ್ಗಗಳಲ್ಲಿ ಅತಿ ಚಿಕ್ಕದೆಂದರೆ 53 ಗ್ರಾಮಿಗಿಂತ ಕಡಿಮೆಯದು. ನಮ್ಮ ನಾಟಿ ಮೊಟ್ಟೆ 40 ಗ್ರಾಂ ಆಸುಪಾಸಿನದು, ಆದರೆ ಅದರ ಗಾತ್ರಕ್ಕೆ ಹಳದಿಯ ಪಾಲು ಫಾರಂ ಮೊಟ್ಟೆಗಿಂತ ಹೆಚ್ಚು. ತೂಕವನ್ನೇ ಗುಣವೆಂದು ಎಣಿಸಿದರೆ ಅದಕ್ಕೆ ಅನ್ಯಾಯವಾಗುತ್ತದೆ. ದಿನಾಂಕದ ಪದ್ಧತಿಯನ್ನು ಮಾತ್ರ ತಡಮಾಡದೆ ತರಬೇಕು. ಅದಕ್ಕೆ ಯಂತ್ರ ಬೇಡ. ಗೂಡಿನಿಂದ ತೆಗೆದಾಗಲೇ ಸೀಸದಕಡ್ಡಿಯಿಂದ ಚಿಪ್ಪಿನ ಮೇಲೆ ತಾರೀಖು ಬರೆದು, ತಂಪಾದ ಮೂಲೆಯಲ್ಲಿಟ್ಟು, ವಾರದೊಳಗೆ ಮಾರಿದರೆ ಸಾಕು. ನಾಟಿ ಮೊಟ್ಟೆಗೆ ಹೆಚ್ಚು ಬೆಲೆ ಕೊಡುವ ಪೇಟೆಯವರು ಬಣ್ಣ ನೋಡುವ ಮೊದಲು ಆ ತಾರೀಖನ್ನು ಕೇಳಲಿ.